ಸ್ವಲ್ಪ ಅಡ್ಜಸ್ಟ್ ಮಾಡಿ: ಯಾರು, ಯಾರಿಗಾಗಿ, ಎಲ್ಲಿಯವರೆಗೆ?

ಯುವಜನರ ಕೂಟದಲ್ಲಿ ಕೊಟ್ಟ ಸಂದೇಶದ ಲಿಖಿತ ರೂಪ, ಸಿಂಗಸಂದ್ರ

ವಾಕ್ಯಭಾಗ: ಮತ್ತಾಯ 11:28-30, ದಾನಿಯೇಲ 1:1-16, ರೋಮಾಪುರ 15:1-3, ಯೋಹಾನ 19:25-27

ಹಿಂದೆ ಬಾಗಿಲ ಹತ್ತಿರ ನಿಂತಿರೋರು ದಯವಿಟ್ಟು ಮುಂದೆ ಬನ್ನಿ. ತುದಿಯಲ್ಲಿ ಕೂತಿರೋರು ಸ್ವಲ್ಪ ಒಳಗೆ ಸರೀರಿ, ಇನ್ನೊಬ್ಬರಿಗೆ ಜಾಗ ಆಗುತ್ತೆ. ಈಗ ಪಕ್ಕದವರ ಕಡೆ ತಿರುಗಿ ಹೇಳಿ, "ಸ್ವಲ್ಪ ಅಡ್ಜಸ್ಟ್ ಮಾಡಿ." (ನಗು)

ನೋಡಿ, ಯಾರೂ ಕೋಪ ಮಾಡ್ಕೊಳ್ಳಲಿಲ್ಲ. ಎಲ್ಲರೂ ನಕ್ಕು ಸರಿದ್ರಿ. ಬೆಂಗಳೂರಿಗೆ ಬಂದ ಯಾವ ರಾಜ್ಯದವರೇ ಆಗಲಿ, ಮೊದಲು ಕಲಿಯೋ ಕನ್ನಡ ವಾಕ್ಯಗಳಲ್ಲಿ ಇದೂ ಒಂದು. ಮೂರು ಪದದಲ್ಲಿ ಎರಡು ಕನ್ನಡ, ನಡುವೆ ಒಂದು ಇಂಗ್ಲಿಷ್ ಕ್ರಿಯಾಪದ. ಇವತ್ತು ಆ ನಡುವಿನ ಪದವನ್ನೇ ತೆಗೆದುಕೊಂಡು ಕಲಿಯೋಣ ಅಂತಿದ್ದೀನಿ. "ಪಾಸ್ಟರ್, ಇದು ಚರ್ಚಾ, ಸ್ಪೋಕನ್ ಇಂಗ್ಲಿಷ್ ಕ್ಲಾಸಾ?" ಅಂತ ಕೇಳಬೇಡಿ. ನಮ್ಮ ಕನ್ನಡಕ್ಕೆ 1894ರಲ್ಲಿ ಮಂಗಳೂರಿನಿಂದ ದೊಡ್ಡ ನಿಘಂಟು ಕೊಟ್ಟವರು ಒಬ್ಬ ಮಿಷನರಿ, ಫರ್ಡಿನೆಂಡ್ ಕಿಟೆಲ್. ಪದಗಳ ಬುಡ ಹುಡುಕೋದು ನಮ್ಮ ಹಿರಿಯರು ಮಾಡಿದ ಕೆಲಸವೇ. ಅದೂ ಅಲ್ಲದೆ ಈ ಒಂದು ಪದವನ್ನು ತಪ್ಪಾದ ಜಾಗದಲ್ಲಿ ಬಳಸಿ ನಾನು ಒಬ್ಬರಿಗೆ ತುಂಬಾ ನೋವು ಮಾಡಿದ್ದೀನಿ. ಅದನ್ನು ಕೊನೆಗೆ ಹೇಳ್ತೀನಿ.

ಒಂದು: ನಾವು ಈ ಪದವನ್ನು ಹೇಗೆ ಬಳಸ್ತೀವಿ?

2025ರ ಆಗಸ್ಟ್ 10ರಂದು ನಮ್ಮ ಹಳದಿ ಮೆಟ್ರೋ ಲೈನ್ ಉದ್ಘಾಟನೆ ಆಯಿತು. ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗೆ 16 ಸ್ಟೇಷನ್, 19 ಕಿಲೋಮೀಟರ್ ಚಿಲ್ಲರೆ. ಸಿಂಗಸಂದ್ರಕ್ಕೂ ಒಂದು ಸ್ಟೇಷನ್ ಬಂತು. ಎಷ್ಟು ವರ್ಷ ಕಾದಿದ್ವಿ! ಆದರೆ ಶುರುವಿನಲ್ಲಿ ಇದ್ದದ್ದು ಮೂರೇ ಟ್ರೈನು, 25 ನಿಮಿಷಕ್ಕೆ ಒಂದು. ಬಂದ ಟ್ರೈನಿಗೆ ಎಲ್ಲರೂ ಹತ್ತಬೇಕು. ಆಗ ಒಳಗೆ ಕೇಳಿಸ್ತಿದ್ದ ಮಾತು ಯಾವುದು? ಅದೇ. ಹೊಸೂರು ರೋಡಿನ 356 ಸೀರೀಸಿನ ಬಸ್ಸಿನಲ್ಲಿ ಕೇಳಿದ ಮಾತೇ ಎ.ಸಿ. ಮೆಟ್ರೋಗೂ ಹತ್ತಿತು. ವಾಹನ ಬದಲಾಯಿತು, ಕ್ರಿಯಾಪದ ಬದಲಾಗಲಿಲ್ಲ. (ನಗು)

ಇಂಗ್ಲಿಷಿನಲ್ಲಿ ಅಡ್ಜಸ್ಟ್ ಮಾಡೋದು ಸಾಮಾನ್ಯವಾಗಿ ಒಂದು ವಸ್ತುವನ್ನು. ಗಾಡಿಯ ಕನ್ನಡಿ, ಕುರ್ಚಿಯ ಎತ್ತರ, ಗಡಿಯಾರದ ಮುಳ್ಳು, ಮೈಕಿನ ಸೌಂಡು. ಇಲ್ಲವೇ ಮನುಷ್ಯ ಹೊಸ ಊರಿಗೆ, ಹೊಸ ಹವೆಗೆ ಹೊಂದಿಕೊಳ್ಳೋದು. ಇನ್ಶೂರೆನ್ಸಿನಲ್ಲಿ ಇರೋರಿಗೆ ಗೊತ್ತು, ನಷ್ಟ ಎಷ್ಟು ಅಂತ ಲೆಕ್ಕ ಹಾಕಿ ಇತ್ಯರ್ಥ ಮಾಡೋದಕ್ಕೂ ಇದೇ ಪದ. ಆದರೆ ಲಂಡನ್ ಟ್ರೈನಿನಲ್ಲಿ ಒಬ್ಬರ ಮುಂದೆ ನಿಂತು ಸುಮ್ಮನೆ "ಪ್ಲೀಸ್ ಅಡ್ಜಸ್ಟ್" ಅಂದರೆ ಆ ಮನುಷ್ಯ ತನ್ನ ಟೈ ಸರಿಮಾಡಿಕೊಂಡಾನು. (ನಗು) "ನನಗೋಸ್ಕರ ನೀವು ಸ್ವಲ್ಪ ಕಷ್ಟ ತಗೊಳ್ಳಿ" ಅನ್ನೋ ಅರ್ಥ ಅದಕ್ಕೆ ಬಂದದ್ದು ನಮ್ಮ ದೇಶದಲ್ಲಿ. ಅದರಲ್ಲೂ ನಮ್ಮ ಊರಿನಲ್ಲಿ ಅದು ಒಂದು ಸ್ವಭಾವವೇ ಆಗಿಬಿಟ್ಟಿದೆ.

ಕನ್ನಡ ಏನು ಮಾಡಿದೆ ನೋಡಿ. ಇಂಗ್ಲಿಷ್ ಕ್ರಿಯಾಪದವನ್ನು ಒಳಗೆ ಕರೆದು, ಅದಕ್ಕೆ ನಮ್ಮ ಬಾಲ ಅಂಟಿಸಿತು. ಮೂರು ಥರ:

"ಅಡ್ಜಸ್ಟ್ ಮಾಡು" ಅಂದರೆ ಏನನ್ನೋ ಸರಿಪಡಿಸು, ಜಾಗ ಮಾಡಿಕೊಡು.
"ಅಡ್ಜಸ್ಟ್ ಆಗು" ಅಂದರೆ ನೀನೇ ಹೊಂದಿಕೋ, ಒಗ್ಗಿಕೋ.
"ಅಡ್ಜಸ್ಟ್ ಮಾಡ್ಕೊ" ಅಂದರೆ ಏನು ಬಂದರೂ ನೀನೇ ಸಹಿಸಿಕೋ, ನಿನ್ನ ಪಾಲಿಗೆ ಬಂದದ್ದನ್ನು ನೀನೇ ನುಂಗಿಕೋ.

"ಮಾಡು" ಮತ್ತು "ಮಾಡ್ಕೊ" ನಡುವೆ ಇರೋದು ಒಂದೇ ಅಕ್ಷರ. ಆದರೆ ಆ "ಕೊ" ಬಂದಾಗ ಭಾರ ಇನ್ನೊಬ್ಬರ ಹೆಗಲಿಗೆ ಜಾರುತ್ತೆ. ಬಸ್ಸಿನಲ್ಲಿ ಸೀಟು ಕೇಳೋರು "ಅಡ್ಜಸ್ಟ್ ಮಾಡಿ" ಅಂತಾರೆ, ವಿನಂತಿ. ಪಿ.ಜಿ.ಯಲ್ಲಿ ನೀರು ಬರದೇ ಇದ್ದಾಗ ಓನರ್ "ಅಡ್ಜಸ್ಟ್ ಮಾಡ್ಕೊಳ್ಳಿ" ಅಂತಾರೆ. ಅದು ವಿನಂತಿ ಅಲ್ಲ, ತೀರ್ಪು.

ಇಂಗ್ಲಿಷ್ ಬರೋದಕ್ಕೆ ಮುಂಚೆ ನಮ್ಮಲ್ಲಿ ಏನಿತ್ತು? ಹೊಂದಿಕೋ, ಒಗ್ಗಿಕೋ, ಸುಧಾರಿಸಿಕೋ, ನಿಭಾಯಿಸು. ಮದುವೆ ಆಗಿ ಹೋಗೋ ಹುಡುಗಿಗೆ ಮನೆಯ ಹಿರಿಯರು ಒಂದು ಮಾತು ಹೇಳ್ತಾರೆ, ನೀವೆಲ್ಲ ಕೇಳಿದ್ದೀರಿ: "ಅನುಸರಿಸಿಕೊಂಡು ಹೋಗಮ್ಮ." ಆ ಪದವನ್ನು ಸ್ವಲ್ಪ ಹಿಡ್ಕೊಳ್ಳಿ. ನಾವು "ಯೇಸುವನ್ನು ಅನುಸರಿಸು" ಅಂತೀವಲ್ಲ, ಅದೇ ಕ್ರಿಯಾಪದ! ಯಾರನ್ನು ಅನುಸರಿಸ್ತಾ ಇದ್ದೀವಿ ಅನ್ನೋದು ಗೊತ್ತಿಲ್ಲದೆ ಅನುಸರಿಸಿಕೊಂಡು ಹೋದರೆ ಎಲ್ಲಿಗೆ ತಲುಪ್ತೀವಿ?

ಎರಡು: ಈ ಪದದ ಊರು ಯಾವುದು?

ಮುಂಚೆ ಒಂದು ಯೂತ್ ಕ್ಯಾಂಪಿನಲ್ಲಿ ನಾನು ಬಹಳ ಜೋರಾಗಿ ಪ್ರಸಂಗ ಮಾಡಿದ್ದೆ. "ಅಡ್ಜಸ್ಟ್ ಪದದ ಒಳಗೇ ಜಸ್ಟ್ ಇದೆ! ಜಸ್ಟ್ ಅಂದರೆ ನ್ಯಾಯ! ಆದ್ದರಿಂದ ಅಡ್ಜಸ್ಟ್ ಅಂದರೆ ನ್ಯಾಯದ ಕಡೆಗೆ ಹೋಗೋದು!" ಎಲ್ಲರೂ ಹಲ್ಲೆಲೂಯಾ ಅಂದರು. ಕೂಟ ಮುಗಿದ ಮೇಲೆ ಇಂಗ್ಲಿಷ್ ಎಂ.ಎ. ಓದಿದ ಒಬ್ಬ ಸಿಸ್ಟರ್ ಬಂದು ಮೆಲ್ಲಗೆ, "ಪಾಸ್ಟರ್, ಆ ಪದದ ಮೂಲ ಅದಲ್ಲ ಅನ್ಸುತ್ತೆ" ಅಂದರು. ಮನೆಗೆ ಹೋಗಿ ನಿಘಂಟು ನೋಡಿದೆ. ಅವರೇ ಸರಿ.

ಪದ ಬಂದ ದಾರಿ ಹೀಗಿದೆ. ಇಂಗ್ಲಿಷಿಗೆ ಇದು ಫ್ರೆಂಚಿನಿಂದ ಬಂತು. 14ನೇ ಶತಮಾನದ ಕೊನೆಯ ಹೊತ್ತಿಗೇ "ಸರಿಪಡಿಸು" ಅನ್ನೋ ಅರ್ಥದಲ್ಲಿ ಒಮ್ಮೆ ಬಂದಿತ್ತು. 17ನೇ ಶತಮಾನದ ಹೊತ್ತಿಗೆ "ಅಣಿಗೊಳಿಸು, ಇತ್ಯರ್ಥ ಮಾಡು" ಅನ್ನೋ ಅರ್ಥದಲ್ಲಿ ಮತ್ತೆ ಬಂದು ಉಳಿಯಿತು. ಫ್ರೆಂಚಿಗೆ ಬಂದದ್ದು ಲ್ಯಾಟಿನ್ನಿನಿಂದ. ಅಲ್ಲಿ ಎರಡು ತುಂಡು: "ಅಡ್" ಅಂದರೆ ಕಡೆಗೆ, "ಯುಕ್ಸ್ಟಾ" ಅಂದರೆ ಪಕ್ಕದಲ್ಲಿ. ಸೇರಿಸಿದರೆ "ಪಕ್ಕಕ್ಕೆ ತಾ, ಹತ್ತಿರ ಸೇರಿಸು". ನ್ಯಾಯ ಅನ್ನೋ ಅರ್ಥದ ಜಸ್ಟ್ ಬೇರೆಯೇ ಪದ. ಕಿವಿಗೆ ಒಂದೇ ಥರ ಕೇಳಿಸಿದ್ದರಿಂದ ಜನ ಎರಡನ್ನೂ ಸಂಬಂಧಿಕರು ಅಂದುಕೊಂಡರು, ಆ ಪ್ರಭಾವ ಪದದ ರೂಪದ ಮೇಲೂ ಬಿತ್ತು. ನನ್ನ ಥರ ಮೋಸ ಹೋದವರು ನೂರಾರು ವರ್ಷದಿಂದ ಇದ್ದಾರೆ. (ನಗು)

ಹಾಗಾದರೆ ಶುರುವಿನಲ್ಲಿ ನಾನು ನಿಮಗೆ ಹೇಳಿದ್ದೇನು? "ಪಕ್ಕದವರ ಕಡೆ ತಿರುಗಿ ಹೇಳಿ." ಅದೇ ಯುಕ್ಸ್ಟಾ! ಪಕ್ಕ ಇಲ್ಲದೆ ಅಡ್ಜಸ್ಟ್ ಇಲ್ಲ. ಒಬ್ಬನೇ ಇರುವಾಗ ಅಡ್ಜಸ್ಟ್ ಆಗೋ ಅವಶ್ಯಕತೆಯೇ ಬರಲ್ಲ.

ಇದೇ ಯುಕ್ಸ್ಟಾದಿಂದ ಹುಟ್ಟಿದ ಇನ್ನೊಂದು ಇಂಗ್ಲಿಷ್ ಪದ ಇದೆ, "ಜೌಸ್ಟ್". ಸಿನಿಮಾದಲ್ಲಿ ನೋಡಿರ್ತೀರಿ, ಯೂರೋಪಿನ ಹಳೇ ಕಾಲದ ಇಬ್ಬರು ಸೈನಿಕರು ಕುದುರೆ ಮೇಲೆ ಎದುರುಬದುರಾಗಿ ಬಂದು ಈಟಿಯಿಂದ ಒಬ್ಬರನ್ನೊಬ್ಬರು ಕೆಡವೋದು. ಅಡ್ಜಸ್ಟ್ ಮತ್ತು ಜೌಸ್ಟ್ ಅಕ್ಕತಂಗಿ. ಹತ್ತಿರ ಬಂದಾಗ ಎರಡರಲ್ಲಿ ಒಂದು ನಡೆಯುತ್ತೆ, ಸೇರ್ತೀವಿ ಅಥವಾ ಗುದ್ದಾಡ್ತೀವಿ. ಮೂರು ಜನ ಇರೋ ರೂಮಿನಲ್ಲಿ ಒಂದೇ ಬಾತ್‌ರೂಮ್ ಇದ್ದರೆ ಬೆಳಿಗ್ಗೆ ಎಂಟು ಗಂಟೆಗೆ ಯಾವ ಪದ ನಡೆಯುತ್ತೆ ಅಂತ ನಿಮಗೇ ಗೊತ್ತು.

ಇಲ್ಲಿಂದ ಹತ್ತಿರದಲ್ಲೇ ಬೇಗೂರು ಇದೆ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು 9ನೇ ಶತಮಾನದ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಬರುತ್ತೆ. ಹೇಗೆ ಬರುತ್ತೆ ಗೊತ್ತಾ? ಬೆಂಗಳೂರಿನ ಕಾಳಗ ಅಂತ. "ಸ್ವಲ್ಪ ಅಡ್ಜಸ್ಟ್ ಮಾಡಿ" ಅನ್ನೋ ಊರಿನ ಹೆಸರು ಕಲ್ಲಿನ ಮೇಲೆ ಬಂದದ್ದು ಒಂದು ಯುದ್ಧದ ಜೊತೆ! ಜೌಸ್ಟ್ ಮೊದಲು, ಅಡ್ಜಸ್ಟ್ ಆಮೇಲೆ. ಈಗ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಎರಡೂ ಒಟ್ಟಿಗೆ ಕಾಣುತ್ತೆ. (ನಗು)

ಮೂರು: ನೊಗ

ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಯೋಣ. ಯುಕ್ಸ್ಟಾ ಅನ್ನೋ ಪದದ ಬೇರು "ಜೋಡಿಸು" ಅನ್ನೋ ಬಹಳ ಪ್ರಾಚೀನ ಧಾತು. ಅದೇ ಬೇರಿನಿಂದ ಸಂಸ್ಕೃತದಲ್ಲಿ ಯುಜ್ ಬಂತು. ಅದರಿಂದ ನಾವು ಕನ್ನಡದಲ್ಲಿ ದಿನಾ ಬಳಸೋ ಯುಕ್ತ, ಸಂಯೋಗ, ಮತ್ತೆ ನಾವೆಲ್ಲ ಯಾವುದಕ್ಕೋಸ್ಕರ ಈ ಊರಿಗೆ ಬಂದ್ವೋ ಆ ಉದ್ಯೋಗ! ಇಂಗ್ಲಿಷಿನಲ್ಲಿ ಅದೇ ಬೇರಿನಿಂದ ಯೋಕ್, ಅಂದರೆ ನೊಗ. ಮತ್ತಾಯ 11ರಲ್ಲಿ ಕರ್ತನು ದುಡಿದು ಬಳಲಿದವರನ್ನು ಕರೆದು ತನ್ನ ನೊಗವನ್ನು ಹೊತ್ತುಕೊಂಡು ಕಲಿಯಿರಿ ಅಂತ ಹೇಳುವ ಜಾಗದಲ್ಲಿ ಇರೋ ಗ್ರೀಕ್ ಪದವೂ ಇದೇ ಕುಟುಂಬದ್ದು. ಹೀಗೆ ಅಡ್ಜಸ್ಟ್ ಅನ್ನೋ ಪದವನ್ನು ಅಗೆಯುತ್ತಾ ಹೋದರೆ ಕೊನೆಗೆ ಸಿಗೋದು ಒಂದು ನೊಗ.

ಎಲೆಕ್ಟ್ರಾನಿಕ್ ಸಿಟಿಯನ್ನು ಕಿಯೋನಿಕ್ಸ್ ಶುರುಮಾಡಿದ್ದು 1970ರ ದಶಕದ ಕೊನೆಯಲ್ಲಿ. ಅದಕ್ಕೂ ಮುಂಚೆ ಈ ಕಡೆಯೆಲ್ಲ ಹೊಲ. ನಮ್ಮಪ್ಪ ಆನೇಕಲ್ ಕಡೆಯವರು, ರಾಗಿ ಬೆಳೀತಿದ್ದರು. ನಮಗೆ ಒಂದು ಜೊತೆ ಎತ್ತು ಇತ್ತು. ಒಂದು ಗಟ್ಟಿ, ಇನ್ನೊಂದು ಸ್ವಲ್ಪ ಬಡಕಲು. ಚಿಕ್ಕವನಿದ್ದಾಗ ಅಪ್ಪ ಉಳೋದನ್ನು ನೋಡ್ತಿದ್ದೆ. ನೇಗಿಲನ್ನು ನೊಗಕ್ಕೆ ಕಟ್ಟುವಾಗ ಅಪ್ಪ ಹಗ್ಗವನ್ನು ನೊಗದ ಸರಿ ಮಧ್ಯಕ್ಕೆ ಕಟ್ಟುತ್ತಿರಲಿಲ್ಲ. ಒಂದು ನಾಲ್ಕು ಬೆರಳು ಗಟ್ಟಿ ಎತ್ತಿನ ಕಡೆಗೆ ಸರಿಸಿ ಕಟ್ಟುತ್ತಿದ್ದರು.

"ಯಾಕಪ್ಪ, ಮಧ್ಯಕ್ಕೆ ಕಟ್ಟಿದರೆ ಸಮ ಅಲ್ವಾ?" ಅಂದೆ.

ಅಪ್ಪ ಹೇಳಿದರು, "ಸಮ ಆಗುತ್ತೆ ಕಣೋ, ಆದ್ರೆ ಸರಿ ಆಗಲ್ಲ. ಇದಕ್ಕೆ ತ್ರಾಣ ಇದೆ, ಇದು ಜಾಸ್ತಿ ಎಳೀಲಿ. ಅದಕ್ಕೂ ಅಷ್ಟೇ ಹಾಕಿದ್ರೆ ನಾಳೆ ಮಲ್ಕೊಂಡುಬಿಡುತ್ತೆ."

ಇಂಜಿನಿಯರಿಂಗ್ ಓದಿರೋರು ಲೀವರ್ ಲೆಕ್ಕ ಹಾಕಿ ನೋಡಿ, ಅಪ್ಪ ಹೇಳಿದ್ದೇ ಸರಿ. ಹಗ್ಗ ಯಾರ ಕಡೆಗೆ ಹತ್ತಿರವೋ ಅವರ ಹೆಗಲಿಗೆ ಹೆಚ್ಚು ಭಾರ. ಅಪ್ಪನಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಆದರೆ ಅಡ್ಜಸ್ಟ್‌ಮೆಂಟ್ ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು. ರೋಮಾಪುರ 15ನೇ ಅಧ್ಯಾಯದ ಶುರುವಿನಲ್ಲಿ ಪೌಲನು ಬರೆದದ್ದೂ ಇದನ್ನೇ. ಬಲವುಳ್ಳವರು ಬಲವಿಲ್ಲದವರ ಭಾರ ಹೊರಬೇಕು, ತಮ್ಮ ಸುಖವನ್ನೇ ನೋಡಿಕೊಳ್ಳಬಾರದು, ಯಾಕಂದರೆ ಕ್ರಿಸ್ತನೂ ತನ್ನನ್ನು ಮೆಚ್ಚಿಸಿಕೊಳ್ಳಲಿಲ್ಲ.

ಪದದ ಒಳಗೆ ಹತ್ತಿರ ಬರೋದು ಇದೆ, ನ್ಯಾಯ ಇಲ್ಲ. ನ್ಯಾಯವನ್ನು ನಾವು ತಂದು ಹಾಕಬೇಕು. ಹೇಗೆ? ಹಗ್ಗವನ್ನು ಗಟ್ಟಿ ಎತ್ತಿನ ಕಡೆಗೆ ಸರಿಸಬೇಕು. ಇವತ್ತಿನ ಸಂದೇಶ ಇಷ್ಟೇ. ಬರೆದುಕೊಳ್ಳೋರು ಇದನ್ನು ಬರೆದುಕೊಳ್ಳಿ.

ನಾಲ್ಕು: ಎಲ್ಲಿಯವರೆಗೆ?

"ಪಾಸ್ಟರ್, ಹಾಗಾದರೆ ಆಫೀಸಿನಲ್ಲಿ ಏನು ಮಾಡ್ಲಿ?" ಅಂತ ಒಬ್ಬ ತಮ್ಮ ಕಳೆದ ತಿಂಗಳು ಕೇಳಿದ. ಅವನ ಮೇಲಿನವರು ಟೈಮ್‌ಶೀಟಿನಲ್ಲಿ ನಾಲ್ಕು ಗಂಟೆ ಜಾಸ್ತಿ ತೋರಿಸು ಅಂದಿದ್ದಾರೆ. ಹೇಗೆ ಹೇಳಿದರು? "ಸುಳ್ಳು ಬರಿ" ಅಂತ ಯಾರೂ ಹೇಳಲ್ಲ ಅಲ್ವಾ? "ಅವರ್ಸ್ ಸ್ವಲ್ಪ ಅಡ್ಜಸ್ಟ್ ಮಾಡು" ಅಂದರಂತೆ.

ಅಕೌಂಟ್ಸ್ ಓದಿದವರಿಗೆ ಗೊತ್ತು, ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗ ಅಡ್ಜಸ್ಟ್‌ಮೆಂಟ್ ಎಂಟ್ರಿ ಅಂತ ಹಾಕ್ತಾರೆ. ಕೊಡಬೇಕಾದ ಬಾಡಿಗೆ ಇನ್ನೂ ಕೊಟ್ಟಿಲ್ಲ, ಆದರೆ ಅದು ಈ ವರ್ಷದ ಖರ್ಚು. ಆದ್ದರಿಂದ ಪುಸ್ತಕದಲ್ಲಿ ಸೇರಿಸ್ತಾರೆ. ಅದು ಒಳ್ಳೆಯ ಕೆಲಸ, ಪುಸ್ತಕವನ್ನು ಸತ್ಯದ ಹತ್ತಿರಕ್ಕೆ ತರೋದು. ಟೈಮ್‌ಶೀಟಿನಲ್ಲಿ ಅವನಿಗೆ ಹೇಳಿದ್ದು ಅದರ ಉಲ್ಟಾ, ಸತ್ಯವನ್ನು ಪುಸ್ತಕದ ಹತ್ತಿರಕ್ಕೆ ಎಳೆಯೋದು. ಪದ ಒಂದೇ, ದಿಕ್ಕು ಬೇರೆ. ಆ ನಾಲ್ಕು ಗಂಟೆಯ ದುಡ್ಡು ಕೊಡೋದು ಯಾವನೋ ದೂರದ ಗ್ರಾಹಕ. ಅವನೂ ಪಕ್ಕದವನೇ.

ದಾನಿಯೇಲನನ್ನು ನೋಡಿ. ಅವನೂ ನಿಮ್ಮ ಥರ ಊರು ಬಿಟ್ಟು ಬಂದ ಹುಡುಗ. ನೀವು ಆಫರ್ ಲೆಟರ್ ಹಿಡಿದು ಬಂದಿರಿ, ಅವನನ್ನು ಸೆರೆ ಹಿಡಿದು ತಂದರು, ಅಷ್ಟೇ ವ್ಯತ್ಯಾಸ. ಬಾಬೆಲಿನಲ್ಲಿ ಮೂರು ವರ್ಷದ ಟ್ರೈನಿಂಗ್. ಊಟ ವಸತಿ ಅರಮನೆಯದ್ದು. ಅವನು ಎಷ್ಟು ಅಡ್ಜಸ್ಟ್ ಆದ ಅಂತ ಲೆಕ್ಕ ಹಾಕಿ. ಹೊಸ ಭಾಷೆ ಕಲಿತ. ಅವರ ಪುಸ್ತಕಗಳನ್ನು ಓದಿದ. ಹೆಸರನ್ನೇ ಬದಲಾಯಿಸಿ ಬೇಲ್ತೆಶಚ್ಚರ ಅಂದರು, ಅದಕ್ಕೂ ಜಗಳ ಮಾಡಲಿಲ್ಲ. ರಾಜನ ಊಟದ ವಿಷಯ ಬಂದಾಗ ಮಾತ್ರ ಹೃದಯದಲ್ಲಿ ಒಂದು ಗೆರೆ ಎಳೆದ, ನಾನು ಅಶುದ್ಧನಾಗಲ್ಲ.

ಆ ಗೆರೆ ಎಳೆದ ಮೇಲೆ ಅವನು ಹೇಗೆ ಮಾತಾಡಿದ ಅನ್ನೋದನ್ನು ಬಿಡಬೇಡಿ. ತಟ್ಟೆ ಎಸೆಯಲಿಲ್ಲ. ಅಧಿಕಾರಿಯ ಹತ್ತಿರ ವಿನಂತಿ ಮಾಡಿದ. ಆ ಅಧಿಕಾರಿಗೆ ರಾಜನ ಭಯ ಇತ್ತು, ಹುಡುಗರು ಬಡಕಲಾದರೆ ಇವನ ತಲೆ ಹೋಗುತ್ತೆ. ಆಗ ದಾನಿಯೇಲ, "ಹತ್ತು ದಿನ ಪರೀಕ್ಷೆ ಮಾಡಿ ನೋಡಿ" ಅನ್ನೋ ಒಂದು ದಾರಿ ತೋರಿಸಿದ. ತನ್ನ ಗೆರೆಯನ್ನು ಕಾಪಾಡಿಕೊಂಡ, ಎದುರಿಗಿರೋನ ತಲೆಯನ್ನೂ ಕಾಪಾಡಿದ.

ಆ ತಮ್ಮನಿಗೆ ನಾನು ಹೇಳಿದ್ದು ಇದೇ. ಮೀಟಿಂಗಿನಲ್ಲಿ ಎದ್ದು ಕೂಗಬೇಡ. "ಸರ್, ನಾನು ಕೆಲಸ ಮಾಡಿದ ಗಂಟೆ ಮಾತ್ರ ಹಾಕ್ತೀನಿ. ಬಾಕಿ ಕೆಲಸ ಏನಾದ್ರೂ ಇದ್ರೆ ಕೊಡಿ, ಆ ನಾಲ್ಕು ಗಂಟೆ ನಿಜವಾಗಿ ಮಾಡ್ತೀನಿ" ಅಂತ ಹೇಳು. ಹಾಗೇ ಹೇಳಿದ. ಅವರು ಒಪ್ಪಿದರಾ? ಇಲ್ಲ. ಮುಖ ಗಂಟು ಹಾಕಿಕೊಂಡರು. ಆ ಸಲದ ರೇಟಿಂಗೂ ಕಮ್ಮಿ ಬಂತು. ನಾನು ನಿಮಗೆ ಸುಳ್ಳು ಸಾಕ್ಷಿ ಹೇಳಲ್ಲ. ಗೆರೆ ಎಳೆದ ಕೂಡಲೇ ಪ್ರಮೋಷನ್ ಬರುತ್ತೆ ಅಂತ ದೇವರ ವಾಕ್ಯ ಎಲ್ಲೂ ಮಾತು ಕೊಟ್ಟಿಲ್ಲ. ಆದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು ಪಾಸ್ಟರ್ ಅಂದ.

ಇನ್ನೊಂದು ಉದಾಹರಣೆ, ಬೇಗ ಹೇಳ್ತೀನಿ. ಪೌಲನು ತಿಮೊಥೆಯನಿಗೆ ಸುನ್ನತಿ ಮಾಡಿಸಿದ (ಅಪೊಸ್ತಲರ ಕೃತ್ಯಗಳು 16:3). ತೀತನಿಗೆ ಮಾಡಿಸಲಿಲ್ಲ (ಗಲಾತ್ಯ 2:3). ಒಂದೇ ವಿಷಯ, ಒಬ್ಬನೇ ಪೌಲ, ಎರಡು ತೀರ್ಮಾನ. ಯಾಕೆ? ತಿಮೊಥೆಯನ ವಿಷಯದಲ್ಲಿ ಅದು ಜನರ ಹತ್ತಿರ ಹೋಗೋದಕ್ಕೆ ದಾರಿಯಾಗಿತ್ತು. ತೀತನ ವಿಷಯದಲ್ಲಿ "ಇದಿಲ್ಲದೆ ನೀನು ನಮ್ಮವನಲ್ಲ" ಅನ್ನೋ ಗೋಡೆಯಾಗಿತ್ತು. ಹತ್ತಿರ ತರೋ ಅಡ್ಜಸ್ಟ್‌ಮೆಂಟಿಗೆ ಪೌಲ ಯಾವಾಗಲೂ ಸಿದ್ಧ. ಗೋಡೆ ಕಟ್ಟೋ ಅಡ್ಜಸ್ಟ್‌ಮೆಂಟಿಗೆ ಅವನು ಒಂದು ಕ್ಷಣವೂ ಬಗ್ಗಲಿಲ್ಲ.

ಐದು: ನಾನು ತಪ್ಪಿದ ಜಾಗ

ಈಗ ಹೇಳ್ತೀನಿ ಅಂದಿದ್ದನ್ನು ಹೇಳಬೇಕು.

ಐದಾರು ವರ್ಷದ ಹಿಂದಿನ ಮಾತು. ನನ್ನ ಸ್ವಂತ ತಂಗಿ. ಅವಳನ್ನು ಕೇಳಿಯೇ ಹೇಳ್ತಾ ಇದ್ದೀನಿ. "ಹೇಳಣ್ಣ, ಇನ್ನೊಬ್ಬಳಿಗಾದ್ರೂ ಉಪಯೋಗ ಆಗ್ಲಿ" ಅಂದಳು.

ಮದುವೆ ಆದ ಮೊದಲ ವರ್ಷ ಫೋನ್ ಮಾಡಿದಳು. ಮನೆಯಲ್ಲಿ ಸಣ್ಣ ಸಣ್ಣದಕ್ಕೂ ಮಾತು, ಅಂದಳು. ನಾನು ಆಗ ಒಂದು ಕೂಟಕ್ಕೆ ಹೊರಟಿದ್ದೆ. "ಹೊಸದರಲ್ಲಿ ಹಾಗೇನೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅಂದೆ. ಎರಡನೇ ವರ್ಷ ಮತ್ತೆ ಮಾಡಿದಳು. ಸಂಬಳದ ಕಾರ್ಡು ಅವರ ಹತ್ತಿರ ಇಟ್ಕೊಂಡಿದ್ದಾರೆ, ಬಸ್ ಚಾರ್ಜಿಗೂ ಕೇಳಬೇಕು ಅಂದಳು. ನಾನು "ಅನುಸರಿಸಿಕೊಂಡು ಹೋಗು, ಕರ್ತನು ಬದಲಾಯಿಸ್ತಾನೆ" ಅಂದೆ. ಮೂರನೇ ಸಲ ಅವಳು ಹೆಚ್ಚು ಮಾತಾಡಲಿಲ್ಲ. "ಅಣ್ಣ, ಕೈ ಮಾಡಿದ್ರು" ಅಂದಳು. ನಾನು ಒಂದು ಕ್ಷಣ ಸುಮ್ಮನಾದೆ. ಆಮೇಲೆ ಏನು ಹೇಳಿದೆ ಗೊತ್ತಾ? "ನಾಳೆ ಉಪವಾಸ ಪ್ರಾರ್ಥನೆಯಲ್ಲಿ ಇಡ್ತೀನಿ. ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊ."

ಆ ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಬಾಗಿಲು ತಟ್ಟಿದಳು. ಹೆಗಲ ಮೇಲೆ ಮಗು ಮಲಗಿತ್ತು, ಕೈಯಲ್ಲಿ ಒಂದು ಬ್ಯಾಗು. ನನ್ನ ಹೆಂಡತಿ ಒಂದು ಮಾತೂ ಕೇಳದೆ ಒಳಗೆ ಕರೆದು ಹಾಸಿಗೆ ಹಾಸಿದಳು. ತಂಗಿ ನನ್ನನ್ನು ಬೈಯಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಒಂದೇ ಪ್ರಶ್ನೆ ಕೇಳಿದಳು.

"ಅಣ್ಣ, ನನಗೆ ಮೂರು ಸಲ ಅಡ್ಜಸ್ಟ್ ಮಾಡ್ಕೊ ಅಂದೆ. ಒಂದ್ಸಲನಾದ್ರೂ ಅವರಿಗೆ ಫೋನ್ ಮಾಡಿ ಹೇಳಿದ್ಯಾ?"

ಹೇಳಿರಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಅಪ್ಪ ಹಗ್ಗವನ್ನು ಗಟ್ಟಿ ಎತ್ತಿನ ಕಡೆಗೆ ಸರಿಸಿ ಕಟ್ಟುತ್ತಿದ್ದರು. ನಾನು ಬೈಬಲ್ ಕೈಯಲ್ಲಿ ಹಿಡಿದುಕೊಂಡು ಬಡ ಎತ್ತಿನ ಕಡೆಗೆ ಸರಿಸಿದ್ದೆ. ಯಾಕೆ ಗೊತ್ತಾ? ಅವಳಿಗೆ ಹೇಳೋದು ಸುಲಭವಾಗಿತ್ತು. ಅವಳು ಕೇಳ್ತಾಳೆ. ಅವರಿಗೆ ಹೇಳೋದಕ್ಕೆ ನನಗೆ ಭಯ. ನನ್ನ ಭಯಕ್ಕೆ ನಾನು ತಾಳ್ಮೆ ಅಂತ ಹೆಸರಿಟ್ಟಿದ್ದೆ.

ಅವತ್ತು ತಂಗಿಯ ಹತ್ತಿರ ಕ್ಷಮೆ ಕೇಳಿದೆ. ಇದು ಮುಗಿದ ಸಾಕ್ಷಿ ಅಲ್ಲ. ಅವಳು ಕೆಲಸಕ್ಕೆ ಹೋಗ್ತಾಳೆ, ಮಗು ಸ್ಕೂಲಿಗೆ ಹೋಗುತ್ತೆ. ಆ ಕಡೆಯವರ ಜೊತೆ ಮಾತುಕತೆ ಇನ್ನೂ ನಡೀತಾ ಇದೆ. ಪ್ರಾರ್ಥನೆಯಲ್ಲಿ ಇಟ್ಟುಕೊಳ್ಳಿ.

ಇಲ್ಲಿ ಕೂತಿರೋ ಅಕ್ಕತಂಗಿಯರಿಗೆ ಸ್ಪಷ್ಟವಾಗಿ ಹೇಳ್ತೀನಿ, ತಮ್ಮಂದಿರೂ ಕೇಳಿಸ್ಕೊಳ್ಳಿ. ಹೊಡೆತ ಅನ್ನೋದು ಅಡ್ಜಸ್ಟ್ ಮಾಡ್ಕೊಳ್ಳೋ ವಿಷಯ ಅಲ್ಲ. ಮನೆಯೊಳಗಿನ ಹಿಂಸೆಯಿಂದ ಹೆಣ್ಣುಮಕ್ಕಳನ್ನು ಕಾಪಾಡೋದಕ್ಕೆ 2005ರ ಕಾನೂನು ಇದೆ. ಕೈ ಮಾಡೋದು ಮಾತ್ರ ಅಲ್ಲ, ಮಾತಿನಿಂದ ಹಿಂಸೆ ಮಾಡೋದು, ಸಂಬಳ ಕಿತ್ತುಕೊಳ್ಳೋದು ಕೂಡ ಅದರ ವ್ಯಾಪ್ತಿಗೆ ಬರುತ್ತೆ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಪಾಸ್ಟರಿಗೆ ಫೋನ್ ಮಾಡಿ, ಪ್ರಾರ್ಥನೆ ಮಾಡ್ತೀವಿ. ಆದರೆ ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ. ಯೇಸು ಹುಟ್ಟಿದ ರಾತ್ರಿ ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಸಿಗಲಿಲ್ಲ. ನಮ್ಮ ಸಭೆಯ ಯಾವ ಮನೆಯ ಬಾಗಿಲಲ್ಲೂ ಯಾವ ತಂಗಿಯೂ ಆ ಮಾತು ಕೇಳಬಾರದು.

ಆರು: ಶಿಲುಬೆಯ ಪಕ್ಕದಲ್ಲಿ

ಮುಗಿಸ್ತೀನಿ. 4ನೇ ಶತಮಾನದ ಕೊನೆಯಲ್ಲಿ ಜೆರೋಮ್ ಪರಿಷ್ಕರಿಸಿದ ಲ್ಯಾಟಿನ್ ಸುವಾರ್ತೆಯಲ್ಲಿ ಯೋಹಾನ 19:25ನ್ನು ತೆರೆದರೆ ಅಲ್ಲಿ ನಮ್ಮ ಪದದ ತಾಯಿ ಸಿಗ್ತಾಳೆ, ಯುಕ್ಸ್ಟಾ. ಶಿಲುಬೆಯ ಪಕ್ಕದಲ್ಲಿ ನಿಂತಿದ್ದವರು ಯಾರು ಅಂತ ಹೇಳೋ ಜಾಗ ಅದು. ಮೂಲ ಗ್ರೀಕಿನಲ್ಲಿ ಬೇರೆ ಪದ ಇದೆ, ಅರ್ಥ ಒಂದೇ, ಪಕ್ಕದಲ್ಲಿ. ಒಂದು ಲ್ಯಾಟಿನ್ ಪದದ ಮೇಲೆ ಸಿದ್ಧಾಂತ ಕಟ್ಟಬೇಡಿ, ಆ ಪಾಠ ನಾನು ಯೂತ್ ಕ್ಯಾಂಪಿನಲ್ಲೇ ಕಲಿತಿದ್ದೀನಿ. (ನಗು) ಆದರೆ ಅಲ್ಲಿ ನಡೆದದ್ದನ್ನು ನೋಡಿ.

ಯೇಸುವಿನ ತಾಯಿ ನಿಂತಿದ್ದಾಳೆ. ಪ್ರೀತಿಯ ಶಿಷ್ಯ ನಿಂತಿದ್ದಾನೆ. ಉಸಿರಾಡೋದಕ್ಕೂ ಕಷ್ಟ ಇರುವಾಗ ಕರ್ತನು ಆ ಇಬ್ಬರನ್ನು ಹತ್ತಿರ ಸೇರಿಸ್ತಾನೆ. ಇವಳಿಗೆ ಅವನನ್ನು ಮಗನಾಗಿ, ಅವನಿಗೆ ಇವಳನ್ನು ತಾಯಿಯಾಗಿ ಕೊಡ್ತಾನೆ. ಆ ಗಳಿಗೆಯಿಂದ ಶಿಷ್ಯನು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದನು. ಮಗನನ್ನು ಕಳೆದುಕೊಳ್ತಿರೋ ತಾಯಿಗೆ ಕರ್ತನು "ನೀನೇ ಹೇಗಾದರೂ ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅನ್ನಲಿಲ್ಲ. ತ್ರಾಣ ಇದ್ದ ಯೋಹಾನನಿಗೆ "ಜಾಗ ಮಾಡು" ಅಂದನು. ಹಗ್ಗ ಎಷ್ಟು ಸರಿಯಾಗಿ ಸರಿಯಿತು ನೋಡಿ! ಎಲ್ಲಕ್ಕಿಂತ ಹೆಚ್ಚು ಭಾರವನ್ನು ತಾನೇ ಹೊತ್ತುಕೊಂಡು, ಮೇಲಿಂದ ಹೇಳಿದನು. ಫಿಲಿಪ್ಪಿ 2ರಲ್ಲಿ ಓದ್ತೀವಿ, ದೇವರ ಸ್ವರೂಪದಲ್ಲಿದ್ದವನು ದಾಸನಾಗಿ ಇಳಿದು ಬಂದನು. ನೊಗದ ಗಟ್ಟಿ ಬದಿಯಲ್ಲಿ ಅವನೇ ಇದ್ದಾನೆ. ಅದಕ್ಕೇ ನಮ್ಮ ಪಾಲಿನ ಹೊರೆ ಹಗುರ.

ಈ ವಾರ "ಸ್ವಲ್ಪ ಅಡ್ಜಸ್ಟ್" ಅಂತ ಯಾರಾದರೂ ಹೇಳಿದಾಗ, ಅಥವಾ ನೀವೇ ಹೇಳುವಾಗ, ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ನಮ್ಮನ್ನು ಹತ್ತಿರ ತರುತ್ತಾ, ದೂರ ಮಾಡುತ್ತಾ? ಪುಸ್ತಕ ಸತ್ಯದ ಕಡೆ ಬರ್ತಿದೆಯಾ, ಸತ್ಯ ಪುಸ್ತಕದ ಕಡೆ ಹೋಗ್ತಿದೆಯಾ? ಹಗ್ಗ ಯಾರ ಕಡೆಗೆ ಸರೀತಾ ಇದೆ? ಸೀಟು, ಫ್ಯಾನಿನ ಸ್ಪೀಡು, ಅಡುಗೆಯ ಖಾರ, ಪಾತ್ರೆ ತೊಳೆಯೋ ಸರದಿ, ಇವುಗಳಲ್ಲಿ ಧಾರಾಳವಾಗಿ ಅಡ್ಜಸ್ಟ್ ಆಗಿ, ಮೊದಲು ನೀವೇ ಸರೀರಿ. ಸುಳ್ಳು ಮತ್ತು ಹಿಂಸೆಯ ಮುಂದೆ ದಾನಿಯೇಲನ ಥರ ಮೆಲ್ಲಗೆ ಮಾತಾಡಿ, ಆದರೆ ಅಲ್ಲಾಡಬೇಡಿ.

ಎದ್ದು ನಿಲ್ಲೋಣ. ಪ್ರಾರ್ಥನೆ ಮಾಡೋಣ.

ಕರ್ತನೇ, ದೂರ ಇದ್ದ ನಮ್ಮನ್ನು ಹತ್ತಿರ ತಂದದ್ದಕ್ಕೆ ಸ್ತೋತ್ರ. ನಮಗೆ ತ್ರಾಣ ಇರೋ ಕಡೆ ಹೆಚ್ಚು ಹೊರೋದಕ್ಕೆ ಹೆಗಲು ಕೊಡು. ತ್ರಾಣ ಇಲ್ಲದವರ ಮೇಲೆ ನಾವು ಹೊರಿಸಿದ ಭಾರವನ್ನು ನಮಗೆ ತೋರಿಸು, ಕ್ಷಮಿಸು. ಇವತ್ತು ರಾತ್ರಿ ಯಾವುದೋ ಮನೆಯಲ್ಲಿ ಒಬ್ಬಳು ಫೋನ್ ಕೈಯಲ್ಲಿ ಹಿಡಿದು ಯೋಚನೆ ಮಾಡ್ತಿದ್ದರೆ, ಆ ಕಡೆ ಫೋನ್ ಎತ್ತೋರಿಗೆ ಸರಿಯಾದ ಮಾತು ಕೊಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ತೀವಿ ತಂದೆಯೇ, ಆಮೆನ್.

ಸೆಲ್ ಗ್ರೂಪಿನಲ್ಲಿ ಮಾತಾಡಲು:

1. ಕಳೆದ ವಾರ ನೀವು ಯಾರಿಗೆ "ಅಡ್ಜಸ್ಟ್ ಮಾಡ್ಕೊ" ಅಂದಿರಿ? ಅವರ ಬದಲು ಯಾರಿಗೆ ಹೇಳಬೇಕಾಗಿತ್ತು?
2. ದಾನಿಯೇಲನು ಒಪ್ಪಿಕೊಂಡ ಬದಲಾವಣೆಗಳನ್ನೂ ಒಪ್ಪದೇ ಇದ್ದದ್ದನ್ನೂ ಪಟ್ಟಿ ಮಾಡಿ. ನಿಮ್ಮ ಕೆಲಸದ ಜಾಗದಲ್ಲಿ ಆ ಗೆರೆ ಎಲ್ಲಿದೆ?
3. ನಿಮ್ಮ ರೂಮಿನಲ್ಲಿ ಅಥವಾ ಮನೆಯಲ್ಲಿ ಗಟ್ಟಿ ಎತ್ತು ಯಾರು? ಈ ವಾರ ಹಗ್ಗವನ್ನು ನಾಲ್ಕು ಬೆರಳು ಸರಿಸೋದಕ್ಕೆ ಏನು ಮಾಡಬಹುದು?